ಬ್ರೇಕ್ ಬಗ್ಗೆ ನಮಗೆ ಎಂತ ಗೊತ್ತುಂಟು ಮಾರಾಯ್ರೆ?

ನಮ್ಮ ಕಡೆಯ ಅಡಿಕೆ ಕೃಷಿಕರಿಗೆ ಯಂತ್ರದ ಹೆದರಿಕೆ ಇಲ್ಲ. ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಕರೆಂಟು ಬಂದು ಪಂಪು ನೀರೆತ್ತದಿದ್ದರೆ ತಲೆಗೊಂದು ಟಾರ್ಚು ಕಟ್ಟಿಕೊಂಡು ಕೆರೆಗಿಳಿದು ಫುಟ್‌ವಾಲ್ವ್ ಬಿಚ್ಚಿ ಕಸ ತೆಗೆದು ಬರುವವರು ನಾವು. ಮದ್ದು ಬಿಡುವ ಯಂತ್ರದ ವಾಷರ್ ಹೋದರೆ ಅಂಗಳದಲ್ಲೇ ಬದಲಿಸುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿದರೆ ಅದಕ್ಕೊಂದು ಪರೀಕ್ಷೆ ಬೇರೆ. ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ತೆಗೆಯುವುದು, ತಾಮ್ರದ ಬಣ್ಣ ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಪರೀಕ್ಷೆ ಮಾಡದೆ ಮದ್ದನ್ನು ಮರದ ತುದಿಗೆ ಕಳಿಸುವವರು ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ಹುಡುಕಿದರೂ ಕಡಿಮೆ.

ಅದೇ ನಾವು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಂಪಾಜೆ ಘಾಟಿ ಇಳಿಯುವ ಕಾರಿನ ಬ್ರೇಕನ್ನು ಜೀವಮಾನದಲ್ಲಿ ಒಮ್ಮೆಯಾದರೂ ಕಣ್ಣಾರೆ ನೋಡಿದ್ದೇವಾ? ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. "ಅದು ಗ್ಯಾರೇಜಿನವರ ಕೆಲಸ ಮಾರಾಯ, ನಮಗೆ ಎಂತ ಗೊತ್ತಾಗ್ತದೆ?"

ಮಹಾಳಿ ರೋಗದಿಂದ ಅಡಿಕೆ ಉಳಿಸಲಿಕ್ಕೆ ಇಷ್ಟು ತಲೆ ಓಡಿಸುವ ನಾವು ನಮ್ಮ ಜೀವದ ವಿಷಯ ಬಂದಾಗ ಯಾಕೆ ಹೀಗೆ ಕೈಕಟ್ಟಿ ನಿಲ್ಲುತ್ತೇವೆ ಎನ್ನುವುದೇ ನನ್ನ ತಕರಾರು. ಇದನ್ನು ಬೇರೆಯವರ ಮೇಲೆ ಹೊರಿಸುವ ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಅದರಲ್ಲಿ ನನ್ನ ಮರ್ಯಾದೆ ಹೋಗುವ ಭಾಗಗಳು ತುಂಬ ಉಂಟು.

ನಮ್ಮ ಮನೆ ಕಡಬ ತಾಲೂಕಿನ ಒಂದು ಮೂಲೆಯಲ್ಲಿ. ಹೆಂಡತಿ ಸುಳ್ಯ ತಾಲೂಕಿನ ಒಂದು ಶಾಲೆಯಲ್ಲಿ ಟೀಚರು, ದಿನಾ ನಮ್ಮ ಸಣ್ಣ ಕಾರಿನಲ್ಲಿ ಹೋಗಿ ಬರುತ್ತಾಳೆ. ಏಪ್ರಿಲ್‌ನಲ್ಲಿ ಒಂದು ದಿನ, "ಬ್ರೇಕ್ ಒತ್ತಿದಾಗ ಎದುರಿನ ಚಕ್ರದಲ್ಲಿ ಎಂತದೋ ಕ್ರೀಂಯ್ ಅಂತದೆ" ಅಂದಳು. ಧೂಳಿರಬೇಕು ಅಂದೆ. ಮುಂದಿನ ವಾರ ಮತ್ತೆ ಹೇಳಿದಳು. ಮಳೆ ಬಂದರೆ ಸರಿಹೋಗ್ತದೆ ಅಂದೆ. ಮೂರನೇ ವಾರ ಅವಳು ಹೇಳಲಿಲ್ಲ. ನಾನೇ ಓಡಿಸಿದಾಗ ಕೇಳಿಸಿತು, ರೇಡಿಯೋ ಸ್ವಲ್ಪ ದೊಡ್ಡದು ಮಾಡಿದೆ.

ಆಮೇಲೆ ತಿಳಿದದ್ದು ಇಷ್ಟು. ಪ್ಯಾಡು ಸವೆದು ಇಂತಿಷ್ಟು ಉಳಿದಾಗ ಡಿಸ್ಕಿಗೆ ತಾಗಿ ಕಿರುಚಲಿ ಅಂತಲೇ ಪ್ಯಾಡಿನ ಅಂಚಿಗೆ ಒಂದು ಚಿಕ್ಕ ತಗಡು ಇಟ್ಟಿರುತ್ತಾರೆ. ಅದು ತನ್ನ ಕೆಲಸ ಮಾಡುತ್ತಿತ್ತು. ಹೆಂಡತಿಯೂ ಅವಳ ಕೆಲಸ ಮಾಡಿದ್ದಳು. ಮಾಡದಿದ್ದದ್ದು ನಾನೊಬ್ಬನೇ. ಇನ್ನೂ ಒಂದು ಉಂಟು. ಅದಕ್ಕೂ ಮೊದಲು ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ಕೆಂಪು ದೀಪ ಮಿಣಮಿಣ ಅಂದಿತ್ತು. ಬಾನೆಟ್ ಎತ್ತಿ ನೋಡಿದರೆ ಬ್ರೇಕ್ ಆಯಿಲ್ ಕಡಿಮೆ. ಅಂಗಡಿಯಿಂದ ತಂದು ಕತ್ತಿನ ತನಕ ತುಂಬಿಸಿದೆ, ದೀಪ ಆರಿತು, ಖುಷಿಯಾಯಿತು. ಆ ಆಯಿಲ್ ಎಲ್ಲೂ ಸೋರಿರಲಿಲ್ಲ. ಪ್ಯಾಡು ಸವೆದಂತೆ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಆಯಿಲ್ ಕೆಳಗಿಳಿಯುತ್ತದೆ. ದೀಪ ಹೇಳಿದ್ದು "ಪ್ಯಾಡ್ ನೋಡು" ಅಂತ. ನಾನು ಆಯಿಲ್ ಹೊಯ್ದು ಅದರ ಬಾಯಿ ಮುಚ್ಚಿಸಿದ್ದೆ.

ಕಡೆಗೆ ಒಂದು ಗ್ಯಾರೇಜಿಗೆ ಹೋದೆ. ಚಕ್ರ ಬಿಚ್ಚದೆಯೇ ಹೇಳಿದರು, "ಪ್ಯಾಡು, ಡಿಸ್ಕು, ಎಲ್ಲ ಹೋಗಿದೆ ಅಣ್ಣ. ಬಿಟ್ಟು ಹೋಗಿ, ಸಂಜೆ ಬನ್ನಿ." ಹೋದದ್ದನ್ನು ಒಮ್ಮೆ ತೋರಿಸಿ ಅಂದೆ. "ನೋಡಿ ಎಂತ ಮಾಡ್ತೀರಿ? ನಿಮಗೆ ಗೊತ್ತಾಗುದಿಲ್ಲ."

ಸಿಟ್ಟು ಬಂತು. ಸಿಟ್ಟು ಯಾಕೆ ಬಂತು ಅಂದರೆ ಅವರು ಹೇಳಿದ್ದು ನಿಜ. ನನಗೆ ಗೊತ್ತಾಗುತ್ತಿರಲಿಲ್ಲ.

ಪುತ್ತೂರಿಗೆ ಹೋಗಿ ಎದುರಿನ ಎರಡೂ ಚಕ್ರಗಳ ಪ್ಯಾಡು ತಂದೆ. ಮೊಬೈಲಿನಲ್ಲಿ ವೀಡಿಯೋ ನೋಡಿದೆ. ವೀಡಿಯೋದಲ್ಲಿ ಒಬ್ಬ ಬಿಳಿ ಅಂಗಿ ಹಾಕಿಕೊಂಡು ಹತ್ತು ನಿಮಿಷದಲ್ಲಿ ಮುಗಿಸುತ್ತಾನೆ. ಅಂಗಿಗೆ ಒಂದು ಕಲೆ ಇಲ್ಲ. ನನಗೆ ಹಿಡಿದದ್ದು ಒಂದೂವರೆ ದಿನ.

ಮೊದಲ ತಪ್ಪು, ಜಾಕ್ ಏರಿಸಿದ ಮೇಲೆ ನಟ್ಟು ಸಡಿಲಿಸಲು ಹೊರಟದ್ದು. ಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತದೆ, ನಟ್ಟು ಅಲ್ಲೇ. ಪುನಃ ಇಳಿಸಿ, ಸಡಿಲಿಸಿ, ಏರಿಸಿದೆ. ಎರಡನೆಯದು ಇದಕ್ಕಿಂತ ದೊಡ್ಡದು. ಕಾರಿನಡಿಗೆ ಆಧಾರಕ್ಕೆ ಮನೆ ಕಟ್ಟಿ ಉಳಿದ ಎರಡು ಮುರಕಲ್ಲು ಇಟ್ಟಿದ್ದೆ. ತೋಟದ ಕೆಲಸಕ್ಕೆ ಬಂದವರೊಬ್ಬರು ನೋಡಿ, "ಆ ಕಲ್ಲು ಪುಡಿಯಾದ್ರೆ ನಿಮ್ಮ ಕೈ ಇರ್ಲಿಕ್ಕಿಲ್ಲ ಅಣ್ಣ" ಅಂದರು. ಸರಿಯೇ. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಮುರಕಲ್ಲು ಕಾರಿನಡಿ ಒಂದೇ ಬಿಂದುವಿನ ಭಾರಕ್ಕೆ ಫಕ್ಕನೆ ಸೀಳುತ್ತದೆ. ಹಲಸಿನ ಮರದ ಅಗಲದ ತುಂಡು ತಂದಿಟ್ಟೆವು, ಬಿಚ್ಚಿದ ಚಕ್ರವನ್ನೂ ಕಾರಿನಡಿ ಮಲಗಿಸಿದೆವು. ಈಗಾದರೆ ನಾನು ಸ್ಟ್ಯಾಂಡ್ ಇಲ್ಲದೆ ಕೈ ಹಾಕುವುದಿಲ್ಲ.

ಕ್ಯಾಲಿಪರ್ ಬಿಚ್ಚಿದಾಗ ಹಳೇ ಪ್ಯಾಡು ಕಂಡಿತು. ಒಳಗಿನದ್ದು ಬೆರಳ ಉಗುರಿನಷ್ಟು ತೆಳು. ಹೊರಗಿನದ್ದು ಇನ್ನೂ ಅರ್ಧ ಉಂಟು. ಎರಡೂ ಒಂದೇ ಹಾಗೆ ಸವೆಯಬೇಕಿತ್ತು. ಯಾಕೆ ಹಾಗಾಗಲಿಲ್ಲ ಎನ್ನುವ ಪ್ರಶ್ನೆ ಆಗಲೇ ಬರಬೇಕಿತ್ತು, ನನಗೆ ಬರಲಿಲ್ಲ. ಹೊಸ ಪ್ಯಾಡು ದಪ್ಪ, ಅದಕ್ಕೆ ಜಾಗವಾಗಲು ಪಿಸ್ಟನನ್ನು ಹಿಂದಕ್ಕೆ ಒತ್ತಬೇಕು. ಆಚಾರಿಗಳ ಹತ್ತಿರದ ಸಿ ಕ್ಲ್ಯಾಂಪ್ ತಂದು ತಿರುಗಿಸುತ್ತಿದ್ದಂತೆ ಬಾನೆಟ್ಟಿನೊಳಗಿಂದ ಆಯಿಲ್ ಉಕ್ಕಿ ಹರಿಯಿತು. ಕತ್ತಿನ ತನಕ ತುಂಬಿಸಿದ್ದೆನಲ್ಲ! ಬ್ರೇಕ್ ಆಯಿಲ್ ಪೈಂಟನ್ನು ತಿನ್ನುತ್ತದೆ. ಬಕೆಟ್ಟುಗಟ್ಟಲೆ ನೀರು ಹೊಯ್ದು ತೊಳೆದದ್ದಾಯಿತು. ಇಷ್ಟರಲ್ಲಿ ಕ್ಯಾಲಿಪರನ್ನು ಅದರ ರಬ್ಬರ್ ಪೈಪಿನಲ್ಲೇ ನೇತಾಡಲು ಬಿಟ್ಟಿದ್ದೆ. ಅದೂ ತಪ್ಪೇ. ತಂತಿಯಲ್ಲಿ ಮೇಲೆ ಕಟ್ಟಬೇಕು.

ಎರಡೂ ಕಡೆ ಪ್ಯಾಡು ಕೂತಿತು. ಚಕ್ರ ಹಾಕಿದೆ. ದೊಡ್ಡ ಜನವಾದಂತೆ ಕಾರೊಳಗೆ ಕೂತು ಸ್ಟಾರ್ಟ್ ಮಾಡಿದೆ.

ನಮ್ಮ ಕಡೆಯ ಮನೆಗಳು ನಿಮಗೆ ಗೊತ್ತಲ್ಲ. ಮೇಲೆ ಗುಡ್ಡ, ನಡುವೆ ಅಂಗಳ, ಕೆಳಗೆ ತೋಟ. ರಿವರ್ಸ್ ಹಾಕಿ ನಾಲ್ಕು ಅಡಿ ಹಿಂದೆ ಹೋಗಿ ಬ್ರೇಕ್ ಒತ್ತಿದೆ. ಪೆಡಲು ಸೀದಾ ನೆಲಕ್ಕೆ ಹೋಯಿತು. ಏನೂ ಇಲ್ಲ. ಗಾಡಿ ತೋಟದ ಕಡೆಗೆ ಜಾರುತ್ತಲೇ ಉಂಟು. ಅಮ್ಮ ಜಗಲಿಯಿಂದ ಕೂಗಿದ್ದು ಕೇಳಿಸಿತು. ಹ್ಯಾಂಡ್‌ಬ್ರೇಕ್ ಎಳೆದೆ. ನಿಂತಾಗ ಹಿಂದಿನ ಚಕ್ರಕ್ಕೂ ಅಂಗಳದ ಕಟ್ಟೆಗೂ ಒಂದು ಗೇಣು.

ಇದು ಹೊಸಬರೆಲ್ಲ ಮಾಡುವ ತಪ್ಪು, ಇದಕ್ಕೆ ಮದ್ದು ಕೂಡ ಅತಿ ಸುಲಭ. ಪಿಸ್ಟನನ್ನು ನಾವೇ ಹಿಂದೆ ತಳ್ಳಿರುತ್ತೇವೆ, ಅದು ಮುಂದೆ ಬಂದು ಪ್ಯಾಡಿಗೆ ತಾಗುವ ತನಕ ಪೆಡಲಿಗೆ ಹಿಡಿತವಿಲ್ಲ. ಗಾಡಿ ಕದಲುವ ಮೊದಲು ನಿಂತಲ್ಲೇ ಹತ್ತಾರು ಸಲ ಪೆಡಲು ಒತ್ತಿ ಗಟ್ಟಿಯಾಗುವುದನ್ನು ನೋಡಬೇಕು, ಅಷ್ಟೇ. ಆದರೆ ಆ ಹೊತ್ತಿನಲ್ಲಿ ನನಗೆ ಮಂಡೆಬೆಚ್ಚ. ಗಾಳಿ ಹೊಕ್ಕಿದೆ ಅಂತ ನಾನೇ ತೀರ್ಮಾನಿಸಿ ಕ್ಯಾಲಿಪರಿನ ನಿಪ್ಪಲ್ ತಿರುಗಿಸಿ ಬಿಚ್ಚಿದೆ. ಅದುವರೆಗೆ ಗಾಳಿ ಇರಲಿಲ್ಲ. ಆಗ ಹೊಕ್ಕಿತು. ಪೆಡಲು ಈಗ ನಿಜವಾಗಿಯೂ ಹತ್ತಿಯ ದಿಂಬು.

ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಸಹಾಯಕ್ಕೆ ಬಂದದ್ದು ಎಪ್ಪತ್ತು ದಾಟಿದ ಅಮ್ಮ. ಜೀವನದಲ್ಲಿ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತರು. ಲೈನಿನಲ್ಲಿ ಗಾಳಿ ಇದೆ, ತೆಗೀಬೇಕು ಅಂತ ವಿವರಿಸಲು ಹೊರಟರೆ, "ಪಂಪಿಗೆ ಗಾಳಿ ಹಿಡಿದ ಹಾಗೆ ಅಲ್ವಾ? ನಿನ್ನ ಅಪ್ಪ ನೀರು ಹೊಯ್ದು ಹೊಯ್ದು ತುಂಬಿಸ್ತಿದ್ರು" ಅಂದರು.

ನಾನು ವೀಡಿಯೋ ನೋಡಿ ಗಂಟೆಗಟ್ಟಲೆ ಅರ್ಥ ಮಾಡಿಕೊಳ್ಳದ್ದು ಅದೇ. ನೀರನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಿದ್ದನ್ನು ಆ ಕಡೆಗೆ ದಾಟಿಸುತ್ತದೆ. ಗಾಳಿಯನ್ನು ಒತ್ತಿದರೆ ಅದೇ ಕುಗ್ಗಿ ಕೂರುತ್ತದೆ. ಅಮ್ಮ ಪೆಡಲು ಒತ್ತಿ ಹಿಡಿಯುವುದು, ನಾನು ನಿಪ್ಪಲ್ ತೆರೆಯುವುದು, ಪೈಪಿನಲ್ಲಿ ಗುಳ್ಳೆ ಬರುವುದು, ನಾನು ಬಿಗಿ ಮಾಡಿದ ಮೇಲೆಯೇ ಅಮ್ಮ ಕಾಲು ತೆಗೆಯುವುದು. "ಒತ್ತು... ಹಿಡ್ಕೊ... ಈಗ ಬಿಡು." ಡಬ್ಬಿ ಖಾಲಿಯಾಗದ ಹಾಗೆ ನಡು ನಡುವೆ ಹೊಸ ಆಯಿಲ್. ಎರಡೂ ಕಡೆ ಸೇರಿ ನಲವತ್ತು ಸಲವಾದರೂ ಆಗಿರಬಹುದು. ಪೆಡಲು ಕಲ್ಲಿನಂತೆ ಗಟ್ಟಿಯಾಯಿತು.

ಹೆಂಡತಿ ಹೊರಗೆ ಬಂದು ಒಂದೇ ಮಾತು ಹೇಳಿದಳು. "ನೀವು ಹಾಕಿದ ಬ್ರೇಕಿನಲ್ಲಿ ನಾನು ಹೋಗುದಿಲ್ಲ. ಗೊತ್ತಿದ್ದವರಿಗೆ ತೋರ್ಸಿ."

ಅವಳು ಹೇಳಿದ್ದಕ್ಕೆ ಸಿಟ್ಟು ಬರಲಿಲ್ಲ. ಮೊದಲು ಬಯಲಿನಲ್ಲಿ ನಿಧಾನಕ್ಕೆ ಓಡಿಸಿದೆ. ಬಂದು ನೋಡಿದರೆ ಎಡಗಡೆಯ ಚಕ್ರ ಬಿಸಿ. ಎಷ್ಟು ಅಂದರೆ ನೀರು ಚಿಮುಕಿಸಿದರೆ ಚುಂಯ್ ಅನ್ನುವಷ್ಟು. ಬಲಗಡೆಯದ್ದು ಹಾಗಿಲ್ಲ. ಮೆಲ್ಲಗೆ ಮಾರ್ಗದ ಬದಿಯ ಒಂದು ಸಣ್ಣ ಶೆಡ್ಡಿನ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ನಗಲಿಲ್ಲ. ಚಕ್ರ ಬಿಚ್ಚಿ, "ಇಲ್ಲಿ ಬನ್ನಿ, ನೋಡಿ" ಅಂದರು. ಕ್ಯಾಲಿಪರ್ ಹಿಂದೆ ಮುಂದೆ ಸರಿಯಲು ಎರಡು ಪಿನ್ನುಗಳಿರುತ್ತವೆ. ರಬ್ಬರ್ ಬೂಟು ಹರಿದು ನೀರು ಹೋಗಿ ಒಂದು ಪಿನ್ನು ತುಕ್ಕು ಹಿಡಿದು ಕಚ್ಚಿ ಕೂತಿತ್ತು. ಒಳಗಿನ ಪ್ಯಾಡು ಮಾತ್ರ ಸವೆದದ್ದು ಅದಕ್ಕೇ. ಪಿನ್ನು ಉಜ್ಜಿ, ಬಿಸಿ ತಡೆಯುವ ಗ್ರೀಸು ಹಚ್ಚಿ, ಬೂಟು ಬದಲಿಸಿ ಕೊಟ್ಟರು. ಡಿಸ್ಕನ್ನು ಅಳೆದು ತೋರಿಸಿದರು, ಬದಲಿಸುವಷ್ಟು ಸವೆದಿರಲಿಲ್ಲ. ಮೊದಲನೆಯ ಗ್ಯಾರೇಜಿನಲ್ಲಿ ಡಿಸ್ಕು, ಪ್ಯಾಡು ಎಲ್ಲ ಹೊಸದು ಹಾಕಿ ಪಿನ್ನು ನೋಡದೆ ಬಿಟ್ಟಿದ್ದರೆ, ಅದೇ ಕಚ್ಚಿದ ಪಿನ್ನಿನ ಮೇಲೆ ಹೊಸ ಪ್ಯಾಡು ಅದೇ ರೀತಿ ಸವೆಯುತ್ತಿತ್ತು.

ಇಷ್ಟಾದ ಮೇಲೆ ನನ್ನ ಜಗಳ ಎರಡು ಮಾತುಗಳ ಜೊತೆ. ಒಂದು, "ಅದು ನಮಗೆ ಗೊತ್ತಾಗುವ ಕೆಲಸವಲ್ಲ." ಇನ್ನೊಂದು, "ಅದರಲ್ಲಿ ಎಂತ ಉಂಟು, ಹತ್ತು ನಿಮಿಷದ ಕೆಲಸ." ಮೊದಲನೆಯದು ನಮ್ಮನ್ನು ಕುರುಡರಾಗಿ ಇಡುತ್ತದೆ. ಎರಡನೆಯದನ್ನು ನಂಬಿದ್ದಕ್ಕೆ ನಾನು ಗಾಡಿ ಸಮೇತ ತೋಟಕ್ಕೆ ಬೀಳಲು ಒಂದು ಗೇಣು ಬಾಕಿ ಇತ್ತು.

ಬೇರೆ ಊರಿನವರು ಹೀಗಿದ್ದರೆ ನಡೆದೀತು, ನಾವು ಇರುವ ಜಾಗದಲ್ಲಿ ನಡೆಯುವುದಿಲ್ಲ. ಲೆಕ್ಕ ಹಾಕಿ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸುಳ್ಯಕ್ಕೆ ಬರುವುದೆಂದರೆ ಹೆಚ್ಚುಕಡಿಮೆ ಸಾವಿರ ಮೀಟರ್ ಇಳಿಯುವುದು. ಒಂದು ಟನ್ ತೂಕದ ಕಾರು ಅಷ್ಟು ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಸುಮಾರು 30 ಲೀಟರ್ ತಣ್ಣೀರನ್ನು ಕುದಿಸಬಹುದು. ಬಚ್ಚಲ ಹಂಡೆಗೆ ಬೆಂಕಿ ಹಾಕಿದಂತೆ. ಗಾಳಿಯೂ ಟಯರೂ ಅದರಲ್ಲಿ ಒಂದಷ್ಟು ತಿನ್ನುತ್ತವೆ. ಗೇರು ಇಳಿಸಿದರೆ ಎಂಜಿನ್ ಕೂಡ ಒಳ್ಳೆಯ ಪಾಲು ಹೊರುತ್ತದೆ. ಗೇರು ಇಳಿಸದಿದ್ದರೆ ಉಳಿದದ್ದೆಲ್ಲ ಅಂಗೈ ಅಗಲದ ಆ ನಾಲ್ಕು ಪ್ಯಾಡುಗಳ ಮತ್ತು ಹಿಂದಿನ ಡ್ರಮ್ಮುಗಳ ತಲೆಗೆ.

ಇದರ ಮೇಲೆ ನಮ್ಮ ಮಳೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್. ಬ್ರೇಕ್ ಆಯಿಲ್ ಅಂತ ನಾವು ಕರೆಯುವುದು ಅಸಲಿಗೆ ಎಣ್ಣೆಯೇ ಅಲ್ಲ, ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯ ದ್ರವ. ಜುಲೈಯಲ್ಲಿ ಡಬ್ಬದ ಉಪ್ಪು ನೀರಾಗುತ್ತದಲ್ಲ, ಅದೇ ಗುಣ. ಡಾಟ್ 3 ಎಂದು ಬರೆದಿರುವ ಹೊಸ ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಕನಿಷ್ಠ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230ರಿಂದ 155ಕ್ಕೆ. ಹಳೇ ದ್ರವ ಘಾಟಿಯಲ್ಲಿ ಕುದಿದರೆ ಲೈನಿನಲ್ಲಿ ಆವಿಯ ಗುಳ್ಳೆ. ಗುಳ್ಳೆ ಅಂದರೆ ನನ್ನ ಅಂಗಳದಲ್ಲಿ ನೆಲಕ್ಕೆ ಹೋದ ಅದೇ ಪೆಡಲು. ಅಲ್ಲಿ ಹಿಂದೆ ಇದ್ದದ್ದು ನನ್ನ ತೋಟ. ಘಾಟಿಯಲ್ಲಿ ಎದುರಿಗೆ ಇರುವುದು ತಿರುವು.

ಇನ್ನು ನ್ಯೂಟ್ರಲ್ ವೀರರು. ಶಿರಾಡಿಯಿಂದ ಗುಂಡ್ಯಕ್ಕೆ ನ್ಯೂಟ್ರಲ್‌ನಲ್ಲಿ, ಕೆಲವರು ಎಂಜಿನ್ ಆಫ್ ಮಾಡಿಯೇ ಇಳಿದು, ಇಷ್ಟು ಪೆಟ್ರೋಲ್ ಉಳಿಯಿತು ಅಂತ ಮದುವೆ ಮನೆಯಲ್ಲಿ ಹೇಳಿಕೊಳ್ಳುತ್ತಾರೆ. ಎಂಜಿನ್ ಆಫ್ ಆದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎರಡು ಮೂರು ಸಲ ಒತ್ತುವುದರೊಳಗೆ ಖಾಲಿ. ಆಮೇಲೆ ಪೆಡಲಿನ ಮೇಲೆ ಎದ್ದು ನಿಂತರೂ ಸಾಲದು. ಇನ್ನು ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರಿನಲ್ಲಿಟ್ಟು ಎಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ ಇಂಧನ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಎಂಜಿನ್ ಆರದಂತೆ ಇಂಧನ ಹರಿಯುತ್ತದೆ. ಜೀವ ಪಣಕ್ಕಿಟ್ಟು ಇವರು ಪೆಟ್ರೋಲ್ ಉಳಿಸುತ್ತಿಲ್ಲ, ಸುಡುತ್ತಿದ್ದಾರೆ.

ಇದನ್ನೆಲ್ಲ ನಮಗೆ ಯಾರೂ ಕಲಿಸಲಿಲ್ಲ ಅನ್ನುತ್ತೀರಾ? ಹೌದು, ಕಲಿಸಲಿಲ್ಲ. ನಾನು ಲೈಸೆನ್ಸ್ ಮಾಡಿಸಿದಾಗ ಗಾಡಿಯನ್ನು ಒಂದಷ್ಟು ಹಿಂದೆ ಮುಂದೆ ಮಾಡಿ ತೋರಿಸಿದ್ದೇನೆ, ಬೋರ್ಡುಗಳ ಅರ್ಥ ಹೇಳಿದ್ದೇನೆ. ಬ್ರೇಕ್ ಆಯಿಲ್ ಡಬ್ಬಿ ಎಲ್ಲಿದೆ ಅಂತ ಒಬ್ಬರೂ ಕೇಳಲಿಲ್ಲ. ಆದರೆ ಕಾನೂನು ನಮ್ಮ ಅಜ್ಞಾನವನ್ನು ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮು ಓದಿ. ಅಪಾಯ ತರುವ ದೋಷವಿರುವ ಗಾಡಿ ಓಡಿಸಿದರೆ ತಪ್ಪಿತಸ್ಥ ಅನ್ನುತ್ತದೆ. ದೋಷ ಗೊತ್ತಿದ್ದರೆ ಮಾತ್ರವಲ್ಲ, ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಿತ್ತು ಅಂತಾದರೂ ತಪ್ಪಿತಸ್ಥನೇ. ಮೂರು ವಾರ ರೇಡಿಯೋ ದೊಡ್ಡದು ಮಾಡಿದವನು ಆ ಕಲಮಿನ ಮುಂದೆ ಏನು ಹೇಳಬಲ್ಲ?

ಗ್ಯಾರೇಜಿನ ಗೆಳೆಯರು ಸಿಟ್ಟಾಗಬಹುದು. "ಕಂಡಕಂಡವರು ಬ್ರೇಕಿಗೆ ಕೈ ಹಾಕಿದ್ರೆ ಸಾಯ್ತಾರೆ" ಅನ್ನುವುದು ನಿಜ, ನನ್ನ ಕಥೆಯೇ ಸಾಕ್ಷಿ. ಎಲ್ಲರೂ ಮನೆಯಲ್ಲೇ ಬ್ರೇಕ್ ಬದಲಿಸಿ ಅಂತ ನಾನು ಹೇಳುತ್ತಿಲ್ಲ. ಡ್ರಮ್ಮಿನ ಒಳಗಿನ ಸ್ಪ್ರಿಂಗು, ಮಾಸ್ಟರ್ ಸಿಲಿಂಡರು, ಎಬಿಎಸ್ ಇವುಗಳ ತಂಟೆಗೆ ನಾನೂ ಹೋಗುವುದಿಲ್ಲ. ನಾನು ಕೇಳುವುದು ತೋರಿಸಿ ಅಂತ. ಚಕ್ರ ಬಿಚ್ಚಿ, ಪ್ಯಾಡು ಎಷ್ಟು ಉಳಿದಿದೆ ತೋರಿಸಿ, ಬದಲಿಸಿದ ಹಳೇ ಸಾಮಾನು ನಮ್ಮ ಕೈಗೆ ಕೊಡಿ. ಶೆಡ್ಡಿನ ಆ ಹಿರಿಯರಿಗೆ "ಇಲ್ಲಿ ಬನ್ನಿ, ನೋಡಿ" ಅನ್ನಲು ಏನೂ ಖರ್ಚಾಗಲಿಲ್ಲ. ನಾನು ಅವರ ಗಿರಾಕಿಯಾಗಿಬಿಟ್ಟೆ. ತೋರಿಸದವರು ಮಾತ್ರ ಒಬ್ಬ ಗಿರಾಕಿಯನ್ನು ಕಳಕೊಂಡರು.

ನಮ್ಮ ಪಾಲಿನ ಕೆಲಸವೂ ದೊಡ್ಡದಲ್ಲ. ಮಳೆಗೆ ಮುಂಚೆ ಮದ್ದು ಬಿಡಲು ದಿನ ನೋಡುವಾಗ ಗಾಡಿಗೂ ಒಂದು ದಿನ ನೋಡಿ. ಚಕ್ರ ಬಿಚ್ಚಿಸಿ ಎದುರು ನಿಂತು ನೋಡಿ. ಪ್ಯಾಡಿನ ಉಜ್ಜುವ ಭಾಗ ಮೂರು ಮಿಲಿಮೀಟರಿಗೆ ಬಂದಿದ್ದರೆ ಮುಂದೂಡಬೇಡಿ. ಬ್ರೇಕ್ ಆಯಿಲ್ ಕಡಿಮೆಯಾಗಿದ್ದರೆ ತುಂಬಿಸುವ ಮೊದಲು ಯಾಕೆ ಕಡಿಮೆಯಾಯಿತು ಅಂತ ಕೇಳಿ. ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಿಸಿ, ನಿಮ್ಮ ಗಾಡಿಯ ಪುಸ್ತಕ ಅದಕ್ಕಿಂತ ಮೊದಲೇ ಎಂದರೆ ಹಾಗೆ ಮಾಡಿ. ಬ್ರೇಕಿನ ಯಾವ ಕೆಲಸವಾದ ಮೇಲೂ, ಯಾರೇ ಮಾಡಿರಲಿ, ಗಾಡಿ ಕದಲುವ ಮೊದಲು ಪೆಡಲು ಒತ್ತಿ ನೋಡಿ. ಎಲ್ಲಕ್ಕಿಂತ ಮೊದಲು, ದಿನಾ ಗಾಡಿ ಓಡಿಸುವವರು "ಎಂತದೋ ಶಬ್ದ ಬರ್ತದೆ" ಅಂದರೆ ಅದೇ ದಿನ ಕೇಳಿ. ಆ ಶಬ್ದ ಹೆಂಗಸಿನ ಕಿವಿಗೆ ಬಿದ್ದದ್ದಾದರೆ ನಾವು ಇನ್ನೂ ಉದಾಸೀನ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಹಳೇ ಪ್ಯಾಡನ್ನು ಹೆಂಡತಿ ಶಾಲೆಗೆ ತೆಗೆದುಕೊಂಡು ಹೋದಳು. ಎಂಟನೇ ಕ್ಲಾಸಿನಲ್ಲಿ ಘರ್ಷಣೆಯ ಪಾಠ ಬರುತ್ತದಂತೆ. ಹೊಸದರ ಜೊತೆ ಇಟ್ಟು ತೋರಿಸಿದಾಗ ಒಬ್ಬ ಹುಡುಗ ಕೇಳಿದನಂತೆ, "ಟೀಚರ್, ಇದು ಇಷ್ಟು ಸಪೂರ ಆಗುವ ತನಕ ನೀವು ನೋಡ್ಲೇ ಇಲ್ವಾ?"

ಅವಳು ನನ್ನ ಹೆಸರು ಹೇಳಿದಳೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ.